ನನ್ನ ಹೆಸರಿನಲ್ಲಿ ಆಡಿದ ಹುಲುಗೇಶ

ಕಂಪ್ಲಿಯ ವಾಲಿಬಾಲ್ ಕಪ್ ಗೆದ್ದವನು ನಾನು. ಹಾಗಂತ ಸುತ್ತಲಿನ ಊರುಗಳ ಜನ ಹೇಳುತ್ತಾರೆ. ನನ್ನ ಹೆಸರು ಯಲ್ಲೇಶ, ಪಾಪಿನಾಯಕನಹಳ್ಳಿಯ ಹೈವೇ ಪಕ್ಕ ಪಂಚರ್ ಅಂಗಡಿ ಇಟ್ಟುಕೊಂಡವನು. ಎರಡೂ ಕೈ ಮೇಲೆತ್ತಿ ಹಾರಿದರೂ ನೆಟ್ಟಿನ ಅಂಚು ನನಗೆ ಸಿಗುವುದಿಲ್ಲ. ಮೊದಲಾಗಿ ಹೊಟ್ಟೆ ನನ್ನನ್ನು ಹಾರಲು ಬಿಡುವುದಿಲ್ಲ. ವಾಲಿಬಾಲನ್ನು ನಾನು ಮುಟ್ಟಿದ್ದೇನಾದರೂ ಇದ್ದರೆ ಅದು ಗಾಳಿ ತುಂಬುವುದಕ್ಕೆ. ಆದರೂ ಒಮ್ಮೆ ಗಂಗಾವತಿಯ ಲಾರಿ ಡ್ರೈವರೊಬ್ಬ ಅಂಗಡಿಯ ಬೋರ್ಡು ಓದಿ, “ಎಡಗೈ ಯಲ್ಲೇಶ್ ಅಂದ್ರ ನೀವೇನ್ರಿ?” ಎಂದು ಕೈಮುಗಿದ. ನಾನು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅವನು ಕೊಡಿಸಿದ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು ಟೈರು ಬಿಚ್ಚಿದೆ.

ಕಪ್ ಗೆದ್ದ ಎಡಗೈ ಹುಲುಗೇಶನದು. ಊರು ಕುರೆಕುಪ್ಪ. ಈಗ ಹೊಸಪೇಟೆಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ. ಅವನ ಕಥೆಯನ್ನು ಅವನೇ ಹೇಳಬೇಕಿತ್ತು. ಆದರೆ ಕೇಳಿದರೆ, “ಏನೈತಣ್ಣ ಅದ್ರಾಗ? ಚೆಂಡು ಬಂತು, ಹೊಡದೆ” ಅನ್ನುತ್ತಾನೆ. ಇಂಥವನ ಕೈಗೆ ಕಥೆ ಕೊಟ್ಟರೆ ಮುಗಿದೇ ಹೋಯಿತು. ಅದಕ್ಕೇ ನಾನು ಹೇಳುತ್ತಿದ್ದೇನೆ. ನನಗೆ ಹಕ್ಕೂ ಇದೆ. ಹೆಸರು ನನ್ನದು.

ಹುಲುಗೇಶನ ಅಪ್ಪ ಅದಿರು ಲೋಡಿಂಗ್ ಮಾಡುತ್ತಿದ್ದ. ಮಗ ಹೈಸ್ಕೂಲಿಗೆ ಬರುವ ಮೊದಲೇ ತೀರಿಕೊಂಡ. ಅವ್ವ ಉಚ್ಚಂಗೆಮ್ಮ ಕೂಲಿಗೆ ಹೋಗಿ ಮಗನನ್ನು ಸಾಕಿದಳು. ಅವಳು ಗಿಡ್ಡ ಹೆಂಗಸು. ಮಗನೋ ಒಂದೇ ಸಮನೆ ಬೆಳೆಯುತ್ತ ಹೋದ. ಪ್ರತಿ ವರ್ಷ ಪ್ಯಾಂಟಿನ ಮಡಿಕೆ ಬಿಚ್ಚಿ ಬಿಚ್ಚಿ ಸಾಕಾಗಿ, “ಎಲ್ಲಿಗಂತ ಹೊಂಟೀಯಪಾ, ಸಾಕು ನಿಲ್ಲು” ಅನ್ನುತ್ತಿದ್ದಳಂತೆ.

ಅವರ ಓಣಿಯ ಹುಡುಗರು ಆಡುತ್ತಿದ್ದ ಬಯಲಿನ ಒಂದು ಪಕ್ಕಕ್ಕೆ ಗಟಾರ. ಚೆಂಡು ಎರಡು ಸಲ ನೆಟ್ ದಾಟಿದರೆ ಮೂರನೆಯ ಸಲ ಗಟಾರ ಸೇರುತ್ತಿತ್ತು. ತೊಳೆದು ತರುವ ಹುಡುಗರು ತೊಳೆದೆವೆಂದು ಸುಳ್ಳು ಹೇಳುತ್ತಿದ್ದರು. ಹಾಗಾಗಿ ಹುಲುಗೇಶ ಸರ್ವಿಸ್ ಮಾಡುವ ಮೊದಲು ಚೆಂಡನ್ನು ಎಡಗೈಯಲ್ಲಿ ಒಂದು ಸುತ್ತು ತಿರುಗಿಸಿ ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದ. ವಾಸನೆ ಬಂದರೆ ವಾಪಸ್ ಎಸೆಯುತ್ತಿದ್ದ, ಬರದಿದ್ದರೆ ಹೊಡೆಯುತ್ತಿದ್ದ. ಈ ತಿರುಗಿಸಿ ಮೂಸುವ ಚಟವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಅವನ ಬಾಳಿಗೆ ಕೊಳ್ಳಿ ಇಡಲು ಹೊರಟಿತ್ತು.

ಶಾಲೆ ಮುಗಿಯುತ್ತಲೇ ಕ್ರೀಡಾ ಹಾಸ್ಟೆಲಿಗೆ ಹೋದ. ಅಲ್ಲಿಂದ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ತೆಗೆದುಕೊಂಡರು. ಬೇರೆಯವರು ಶಿಫ್ಟಿಗೆ ಹೋದರೆ ಇವನು ಅಂಕಣಕ್ಕೆ ಹೋಗುತ್ತಿದ್ದ, ಆಡುವುದೇ ಕೆಲಸ. ಉಚ್ಚಂಗೆಮ್ಮನಿಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. “ಆಟ ಆಡಿದ್ರ ಪಗಾರ ಕೊಡ್ತಾರೇನು? ಖರೇ ಹೇಳು, ಏನು ಮಾಡ್ತೀದಿ ಅಲ್ಲಿ?” ಎಂದು ಮಗನನ್ನು ಗದರಿದ್ದಳು.

ಕಾರ್ಖಾನೆಗೆ ಆಡುತ್ತಿದ್ದುದು ವಾರದ ದಿನಗಳಲ್ಲಿ. ಭಾನುವಾರ ಅವನು ಊರೂರುಗಳ ಸ್ವತ್ತು. ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಒಂದು ನಿಯಮ ಇದೆ: ಆಯಾ ಊರಿನ ತಂಡದಲ್ಲಿ ಆಯಾ ಊರಿನವರೇ ಆಡಬೇಕು. ಕಪ್ಪಿನ ಜೊತೆ ಒಂದು ಟಗರು ಬಹುಮಾನ ಇದ್ದಾಗ ಇಂಥ ನಿಯಮವನ್ನು ಯಾರು ಪಾಲಿಸುತ್ತಾರೆ ಹೇಳಿ. ಎಲ್ಲ ಊರಿನವರೂ ಹೊರಗಿನಿಂದ ಒಬ್ಬ ಜೋರು ಆಟಗಾರನನ್ನು ಕರೆತಂದು, ಊರಿನಲ್ಲಿ ನಿಜವಾಗಿ ಇರುವ ಯಾರದೋ ಹೆಸರು ಹಚ್ಚಿ ನಿಲ್ಲಿಸುತ್ತಾರೆ. ಆ ಯಾರೋ ಅವತ್ತಿನ ದಿನ ಎಲ್ಲಾದರೂ ಅಡಗಿರಬೇಕು. ಗುರುತಿಗೆ ಆಧಾರ್ ಕಾರ್ಡಿನ ಝೆರಾಕ್ಸ್ ಕೇಳಿದರೂ ಚಿಂತೆಯಿಲ್ಲ. ಆ ಕಪ್ಪು ಫೋಟೋದಲ್ಲಿ ಹೆತ್ತವ್ವನಿಗೂ ಮಗನ ಗುರುತು ಹತ್ತುವುದಿಲ್ಲ.

ಹೀಗೆ ಹುಲುಗೇಶ ಮಲಪನಗುಡಿಯಲ್ಲಿ ಹಂಪೇಶ ಆದ. ಸಂಡೂರಿನ ಕಡೆ ಮಲ್ಲೇಶ ಆದ. ಗೆದ್ದ ಊರಿನವರು ಬಾಳೆಗೊನೆ, ಅಕ್ಕಿ ಚೀಲ, ಕೆಲವೊಮ್ಮೆ ಜೀವಂತ ಹುಂಜ ಕೊಟ್ಟು ಕಳಿಸುತ್ತಿದ್ದರು. ಅವನು ಬಸ್ಸಿನಲ್ಲಿ ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುರೆಕುಪ್ಪಕ್ಕೆ ಹೋಗುತ್ತಿದ್ದ.

ಒಮ್ಮೆ ಉಚ್ಚಂಗೆಮ್ಮ ಮಗನ ಆಟ ನೋಡುತ್ತೇನೆಂದು ಹಟ ಹಿಡಿದು ಮಲಪನಗುಡಿಗೆ ಬಂದಳು. ಮಗ ಮೇಲಕ್ಕೆ ಹಾರಿ ಒಂದು ಸ್ಮ್ಯಾಶ್ ಹೊಡೆದ. ಮೈಕಿನವನು “ಹಂಪೇಶ್! ಹಂಪೇಶ್!” ಎಂದು ಗಂಟಲು ಹರಿದುಕೊಂಡ. ಇವಳು ಎದ್ದು ನಿಂತು, “ಅಂವ ಹಂಪೇಶ ಅಲ್ಲಪೋ, ನನ್ನ ಮಗ ಹುಲುಗ!” ಅನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಮಲಪನಗುಡಿಯವರು ಸುಲಿದ ಬಾಳೆಹಣ್ಣನ್ನು ಅವಳ ಬಾಯಿಗೆ ತುರುಕಿದರು. ಆಟ ಮುಗಿಯುವ ತನಕ ಒಂದಾದ ಮೇಲೊಂದು ಹಣ್ಣು ಸುಲಿದು ಕೊಡುತ್ತಲೇ ಇದ್ದರಂತೆ. ಆಮೇಲೆ ಅವಳು ಯಾವ ಆಟಕ್ಕೂ ಬರಲಿಲ್ಲ. “ನಾ ಇಟ್ಟ ಹೆಸ್ರು ಹಿಡದು ನಾನ ಕರ್ಯಂಗಿಲ್ಲ ಅಂದ್ರ, ಅಲ್ಲಿ ನನಗೇನು ಕೆಲ್ಸ?” ಎಂದಳು. ಆ ಮಾತು ಹುಲುಗೇಶನಿಗೆ ಚುಚ್ಚಿತ್ತು. ಮುಂದೆ ನನ್ನ ಪರಿಚಯವಾದ ಮೇಲೆ ಒಂದೆರಡು ಸಲ ಅದನ್ನೇ ಹೇಳಿದ.

ಒಂದು ವರ್ಷ ದೊಡ್ಡ ಲೀಗಿಗೂ ಹೋಗಿಬಂದ. ಟಿವಿಯಲ್ಲಿ ಬರುವಂಥದ್ದು. ಕೂದಲಿಗೆ ಕಂದು ಬಣ್ಣ ಹಚ್ಚಿಸಿಕೊಂಡ, ಗಡ್ಡ ಬಿಟ್ಟ. ಉಚ್ಚಂಗೆಮ್ಮ ಓಣಿಯವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದಳು. ಹೆಚ್ಚಿನ ದಿನ ಅವನು ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿರುತ್ತಿದ್ದ. ಒಂದು ಸಲ ಆಡಲು ಇಳಿಸಿದರು, ಚೆಂಡು ತಿರುಗಿಸಿ ಮೂಸಿದ. ಕಾಮೆಂಟರಿಯವನು ಅದನ್ನು ಧ್ಯಾನ ಅಂದುಕೊಂಡು ಇಂಗ್ಲಿಷಿನಲ್ಲಿ ಏನೇನೋ ಹೊಗಳಿದ. ಉಚ್ಚಂಗೆಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ. “ಇವ್ರೂ ಹೆಸ್ರು ಹೇಳ್ಲಿಲ್ಲ ನೋಡ್ರಿ” ಎಂದು ಎದ್ದು ಒಳಗೆ ಹೋದಳು.

ಲೀಗಿನಿಂದ ಬಂದ ವರ್ಷವೇ ನಮ್ಮೂರಿನವರು ಅವನ ಬೆನ್ನು ಬಿದ್ದರು. ಕಂಪ್ಲಿಯಲ್ಲಿ ರಾಜ್ಯೋತ್ಸವದ ಟೂರ್ನಮೆಂಟು. ಗೆದ್ದವರಿಗೆ ಕಪ್, ಜೊತೆಗೆ ಒಂದು ಟಗರು. ಆ ಟಗರನ್ನು ನಮ್ಮವರು ಮೊದಲೇ ಹೋಗಿ ನೋಡಿಕೊಂಡು ಬಂದಿದ್ದರು. ಹೆಸರು ಯಾರದು ಕೊಡುವುದು ಎಂಬ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಅವನ ವಾರಿಗೆಯವನು ನಾನು, ಕಂಪ್ಲಿಯಲ್ಲಿ ನನ್ನನ್ನು ಕಂಡವರಿಲ್ಲ. ನಾನು ಸಲೀಸಾಗಿ ಒಪ್ಪಿದೆ. ಖರೇ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಯಿತು.

ಫೈನಲ್ಲಿನಲ್ಲಿ ಎದುರಾಳಿ ಕಂಪ್ಲಿಯೇ. ನನ್ನನ್ನು ಮೈದಾನದ ಅಂಚಿಗೆ ನಿಲ್ಲಿಸಿದ್ದ ಲಾರಿಯ ಹಿಂಭಾಗದಲ್ಲಿ, ಹೊದಿಸಿದ ತಾಡಪತ್ರಿಯ ಕೆಳಗೆ ಮಲಗಿಸಿದ್ದರು, ಅದರ ತೂತಿನಲ್ಲಿ ನೋಡುತ್ತಿದ್ದೆ. ಹುಲುಗೇಶ ನನ್ನ ಹೆಸರಿನಲ್ಲಿ ಎಂಥಾ ಹೊಡೆತ ಹೊಡೆದ ಅನ್ನುತ್ತೀರಿ! ಮೈಕಿನಲ್ಲಿ “ಯಲ್ಲೇಶ್!” ಅಂದಾಗಲೆಲ್ಲ ತಾಡಪತ್ರಿಯೊಳಗೆ ನನ್ನ ಎದೆ ಉಬ್ಬುತ್ತಿತ್ತು. ಆಗ ಕಂಪ್ಲಿ ತಂಡದ ಮ್ಯಾನೇಜರ್ ಎರ್ರಿಯಪ್ಪ ಅಂಕಣದ ನಡುವೆ ಬಂದು ನಿಂತ. ಬಾಳೆ, ಭತ್ತ ಬೆಳೆಯುವ ಗಟ್ಟಿ ಕುಳ, ವಾಲಿಬಾಲ್ ಅಂದರೆ ಪ್ರಾಣ. “ಇಂಥಾ ಹೊಡ್ತ ಹೊಡಿಯೋರು ಆ ಊರಾಗ ಇಲ್ಲ, ಇಂವ ಪಾಪಿನಾಯಕನಹಳ್ಳಿಯವ ಅಲ್ಲ! ಆಟ ನಿಲ್ಲಸ್ರಿ!” ಎಂದು ಕೂಗಿದ.

ನಮ್ಮೂರಿನ ಹಿರಿಯರೊಬ್ಬರು ಎದೆಗೆ ಕೈ ಹಚ್ಚಿಕೊಂಡು ಮುಂದೆ ಹೋದರು. “ನಾನ ಇವನ ಅಪ್ಪ, ಸುಳ್ಳು ಹೇಳ್ತೀನೇನು? ಹೈವೇದಾಗ ಪಂಚರ್ ಅಂಗಡಿ ಐತಿ. ಹೆಂಡ್ತಿ ಅದಾಳ, ಕೂಸು ಐತಿ. ಅಗಾ, ಅಲ್ಲೇ ನಿಂತಾಳ, ಕೇಳ್ರಿ!” ಎಂದು ಬೆರಳು ತೋರಿಸಿದರು. ಬೆರಳು ಹೋದ ಕಡೆ ನಿಂತಿದ್ದವಳು ನನ್ನ ಹೆಂಡತಿ ರೇಣುಕಮ್ಮ. ಸೊಂಟದ ಮೇಲೆ ನನ್ನ ಮಗ ಕಿರಣ. ಆಟ ನೋಡಲು ಬಂದಿದ್ದಳು ಪಾಪ, ಸಾಕ್ಷಿಯಾದಳು.

ರೆಫರಿ ಅವಳ ಹತ್ತಿರ ಹೋದ. “ಏನವ್ವ, ನಿನ್ನ ಗಂಡನ ಹೆಸರೇನು?”

ನಮ್ಮ ಕಡೆ ಹೆಂಡಂದಿರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದಂತೆ. ರೇಣುಕಮ್ಮ ನನ್ನನ್ನು ಕರೆಯುವುದು “ಕಿರಣನ ಅಪ್ಪ” ಎಂದು; ಕಿರಣ ಹುಟ್ಟುವ ಮೊದಲು “ಏ ಇಲ್ನೋಡ್ರಿ” ಎಂದು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, ಅದರ ತುದಿ ಹಲ್ಲಿನಲ್ಲಿ ಕಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿದಳು. “ಹೋಗ್ರಿ ಸರ, ಹೆಸ್ರು ಹೆಂಗ ಹೇಳ್ಲಿ!” ಎಂದಳು. ಕಾಲಿನ ಹೆಬ್ಬೆರಳು ನೆಲ ಕೆರೆಯಿತು. ಇಡೀ ಮೈದಾನ ಪಾಪ ಅಂದಿತು. ಮೊದಲೇ ಪೆಪ್ಪರಮಿಂಟ್ ಕೊಟ್ಟು ರೂಢಿ ಮಾಡಿಸಿದ್ದ ಹುಲುಗೇಶನನ್ನು ಕಂಡು ಕಿರಣ ಎರಡೂ ಕೈ ಚಾಚಿದ. ರೆಫರಿಗೂ ಮನೆಯಲ್ಲಿ ಹೆಂಡತಿ ಇದ್ದಳೆಂದು ಕಾಣುತ್ತದೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವೆಂದು ಆಟ ಮುಂದುವರಿಸಲು ಸೀಟಿ ಊದಿಯೇ ಬಿಟ್ಟ. ಕಪ್, ಟಗರು ಎರಡೂ ನಮ್ಮೂರಿಗೆ ಬಂದವು.

ನಾನು ತಾಡಪತ್ರಿಯೊಳಗೆ ಉರಿದುಹೋದೆ. ಯಾರದೋ ಮುಂದೆ ಅಷ್ಟು ಚೆಂದ ನಾಚಿಕೊಳ್ಳುವುದು ಅಂದರೇನು? ನನ್ನ ಮುಂದೆ ಮದುವೆಯ ದಿನವೂ ಆ ಪರಿ ನಾಚಿರಲಿಲ್ಲ. ಮನೆಗೆ ಬಂದು ಕೇಳಿದೆ. ಅವಳು ಟಗರಿನ ಸಾರಿಗೆ ಖಾರ ಅರೆಯುತ್ತ, “ನಾ ಏನಾರ ಸುಳ್ಳು ಹೇಳಿದ್ನೇನು? ಬಾಯಿ ಬಿಟ್ನೇನು?” ಎಂದಳು. ಹೌದಲ್ಲ, ಬಾಯಿ ಬಿಟ್ಟಿರಲಿಲ್ಲ. ನಾನು ಇನ್ನೆರಡು ತುಂಡು ಹಾಕಿಸಿಕೊಂಡೆ.

ಮರುವರ್ಷವೇ ಹುಲುಗೇಶನ ಭುಜ ಹೋಯಿತು. ಕಾರ್ಖಾನೆಗೂ ಆಡಿ, ಲೀಗಿಗೂ ಆಡಿ, ಊರೂರಿನ ಯಲ್ಲೇಶ ಮಲ್ಲೇಶರ ಪಾಲಿನದೂ ಆಡಿದರೆ ಒಂದು ಭುಜ ಎಷ್ಟು ದಿನ ತಾಳೀತು? ಕೈ ಕಿವಿಯ ಮೇಲಕ್ಕೆ ಏಳದಾಯಿತು. ಕಾರ್ಖಾನೆಯವರು ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಕಳಿಸಿದರು. ಕೂದಲಿನ ಬಣ್ಣ ಹೋಯಿತು, ಗಡ್ಡ ಹೋಯಿತು, ಇಪ್ಪತ್ತೊಂಬತ್ತಕ್ಕೆ ‘ಮಾಜಿ ಆಟಗಾರ’ ಆದ. ನನ್ನ ಅಂಗಡಿಯ ಟೈರಿನ ಮೇಲೆ ಕೂತು ದಿನಗಟ್ಟಲೆ ಹೈವೇ ನೋಡುತ್ತಿದ್ದ.

ಅವನನ್ನು ಎಬ್ಬಿಸಿದವಳು ಅಂಜಲಿ. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಅವಳದು. ಲೋಕದ ಹುಡುಗಿಯರು ಮುಖ ನೋಡಿ ಮೆಚ್ಚಿದರೆ ಇವಳು ಎಲುಬು ನೋಡಿ ಮೆಚ್ಚಿದಳು. ಆಗಾಗ ಎಕ್ಸ್-ರೇ, ಆಮೇಲೆ ಎಕ್ಸ್-ರೇ ಬೇಡದಿದ್ದರೂ ಆಸ್ಪತ್ರೆ, ಆಮೇಲೆ ಆಸ್ಪತ್ರೆ ಬಿಟ್ಟು ತುಂಗಭದ್ರಾ ಡ್ಯಾಮಿನ ತೋಟ. ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿಸಿದವಳೂ ಅವಳೇ. ಹುಲುಗೇಶ ಮತ್ತೆ ನಗತೊಡಗಿದ. ಒಂದು ದಿನ ಅಂಗಡಿಗೆ ಬಂದವನು ಟೈರಿನ ಮೇಲೆ ಕೂರದೆ ನಿಂತೇ ಇದ್ದ.

“ಅಣ್ಣ, ಹೆಣ್ಣು ನೋಡಾಕ ಹೋಗ್ಬೇಕು. ನೀನೂ ಬಾ. ಅಂಜಲಿ ಅವ್ರ ಮನಿ ಕಂಪ್ಲಿ.”

“ಭಾಳ ಚಲೋ ಆತಲ್ಲೋ!”

“ಅವ್ರಪ್ಪ ಎರ್ರಿಯಪ್ಪ ಅಂತ.”

ನನ್ನ ಕೈಯಲ್ಲಿದ್ದ ಜಾಕು ಕಾಲಿನ ಮೇಲೆ ಬಿತ್ತು.

ಅಂಜಲಿಗೆ ಎಲ್ಲ ಗೊತ್ತಿತ್ತು. ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದಳಂತೆ. ಆದರೆ ಅಪ್ಪನಿಗೆ ಆ ಫೈನಲ್ಲು ಮರೆತಿಲ್ಲ, ಈಗಲೂ ಟಗರು ಕಂಡರೆ ಮುಖ ತಿರುಗಿಸುತ್ತಾನೆ, ಮದುವೆ ಮುಗಿಯುವ ತನಕ ವಾಲಿಬಾಲಿನ ಸುದ್ದಿ ತೆಗೆಯಬಾರದು ಎಂದು ತಾಕೀತು ಮಾಡಿದ್ದಳು. ಗಡ್ಡ, ಕಂದು ಕೂದಲು ಇಲ್ಲದ ಹುಲುಗೇಶನನ್ನು ಅಪ್ಪ ಗುರುತು ಹಿಡಿಯಲಾರ ಎಂಬ ಧೈರ್ಯ ಅವರದು. ಉಳಿದದ್ದು ನನ್ನ ಹೆಸರು. ಆ ಮನೆಯಲ್ಲಿ ಯಲ್ಲೇಶ ಅನ್ನುವ ಹೆಸರು ಬಾಯಿಂದ ಬರಬಾರದು.

“ಹಂಗಾರ ನಾ ಏನಂತ ಹೇಳ್ಲಿ?”

“ನನ್ನತ್ರ ಸ್ಟಾಕ್ ಐತಣ್ಣ. ಮಲಪನಗುಡಿ ಹಂಪೇಶ್ ಖಾಲಿ ಅದಾನ, ತಗೋ.”

ಹೀಗೆ ಒಮ್ಮೆ ನನ್ನ ಹೆಸರು ಅವನಿಗೆ ಕೊಟ್ಟಿದ್ದ ನಾನು ಈಗ ಅವನ ಹಳೆಯ ಹೆಸರು ಉಟ್ಟುಕೊಂಡು, ಉಚ್ಚಂಗೆಮ್ಮನನ್ನು ಮುಂದೆ ಮಾಡಿಕೊಂಡು ಕಂಪ್ಲಿಗೆ ಹೋದೆವು.

ಎರ್ರಿಯಪ್ಪ ಬಾಗಿಲಿಗೇ ಬಂದ. “ಬರ್ರಿ ಬರ್ರಿ, ಕುಂದ್ರಿ. ಏ ಹೊಳೆಮ್ಮ, ನೀರು ತಾ!” ಎಂದು ಹೆಂಡತಿಯನ್ನು ಕೂಗಿದ. ಎಲ್ಲ ಬೆಣ್ಣೆಯಂತೆ ಸಾಗಿತು. ಉಚ್ಚಂಗೆಮ್ಮ ದಾರಿಯುದ್ದಕ್ಕೂ ಮಗನಿಗೆ, ಎಡಗೈ ಮುಂದೆ ಮಾಡಬೇಡ, ಮನೆತನದ ಮರ್ಯಾದೆ ಹೋಗುತ್ತದೆ ಎಂದು ಹೇಳಿಕೊಂಡೇ ಬಂದಿದ್ದಳು. ಅವನು ನೀರಿನ ಚೆಂಬು ಬಲಗೈಯಲ್ಲಿ ತೆಗೆದುಕೊಂಡ. ಚಹಾ ಬಲಗೈಯಲ್ಲಿ. ಎರ್ರಿಯಪ್ಪ ನನ್ನ ಹೆಸರು ಕೇಳಿದ, ಹಂಪೇಶ್ ಅಂದೆ. ಅಂಜಲಿ ಬಂದು ಕೂತಳು. ಇಬ್ಬರೂ ಈಗ ತಾನೇ ನೋಡಿದವರ ಹಾಗೆ ನೆಲ ನೋಡಿದರು. ಕಳ್ಳರು!

ಆಮೇಲೆ ಹೊಳೆಮ್ಮ ಬೇಸನ್ ಉಂಡಿಯ ತಟ್ಟೆ ತಂದಳು. ಅಂಥಿಂಥ ಉಂಡಿ ಅಲ್ಲ, ಅಂಗೈ ತುಂಬುವಂಥದ್ದು. ಅದೇ ಹೊತ್ತಿಗೆ ಅಂಜಲಿ ತಲೆ ಎತ್ತಿ ಹುಲುಗೇಶನತ್ತ ನೋಡಿ ಸಣ್ಣಗೆ ನಕ್ಕಳು. ಅವನಿಗೆ ಮೈಮೇಲೆ ಎಚ್ಚರ ತಪ್ಪಿತು. ಉಂಡಿಯನ್ನು ಎಡಗೈಯಲ್ಲಿ ಎತ್ತಿದ. ಒಂದು ಸುತ್ತು ತಿರುಗಿಸಿದ. ಮೂಗಿನ ಹತ್ತಿರ ಹಿಡಿದು ಮೂಸಿದ.

ಎರ್ರಿಯಪ್ಪನ ಕೈಯಲ್ಲಿದ್ದ ಕಪ್ಪಿನಿಂದ ಚಹಾ ಚೆಲ್ಲಿತು. “ಲೇ... ಲೇ ಲೇ! ಇಂವ ಪಾಪಿನಾಯಕನಹಳ್ಳಿ ಯಲ್ಲೇಶ!”

ಎರ್ರಿಯಪ್ಪ ಎದ್ದು ನಿಂತಿದ್ದ. “ಪಂಚರ್ ಅಂಗಡಿ ಯಲ್ಲೇಶ! ಹೆಂಡ್ತಿ ಅದಾಳ, ಮಗ ಅದಾನ! ಕಣ್ಣಾರ ನೋಡೀನಿ ನಾನು! ಹೆಂಡ್ತಿ ಇದ್ಕೊಂಡು ನನ್ನ ಮಗಳನ್ನ ಕಟ್ಟಿಕೊಳ್ಳಾಕ ಬಂದೀಯೇನಲೇ?”

ನೋಡಿ, ಹುಲುಗೇಶನ ಗತಿ. ಸುಮ್ಮನಿದ್ದರೆ ಎರಡನೆಯ ಮದುವೆಗೆ ಬಂದ ಲಫಂಗ. ಬಾಯಿ ಬಿಟ್ಟರೆ ಕಂಪ್ಲಿಯ ಕಪ್ಪನ್ನೂ ಟಗರನ್ನೂ ಕದ್ದ ಕಳ್ಳ. ಎರಡರಲ್ಲಿ ಯಾವ ಅಳಿಯ ಬೇಕು ಎರ್ರಿಯಪ್ಪನಿಗೆ? ಹುಲುಗೇಶ ಅಂಜಲಿಯ ಮುಖ ನೋಡಿದ. ಎದ್ದು ಕೈಮುಗಿದು, “ಮಾವ, ನಾ ಯಲ್ಲೇಶ ಅಲ್ರಿ. ಆವತ್ತು ಸುಳ್ಳು ಹೆಸರಿನಾಗ ಆಡಿದ್ದೆ. ನಾ ಕುರೆಕುಪ್ಪದ ಹುಲುಗೇಶ. ನನಗ ಮದುವಿ ಆಗಿಲ್ರಿ” ಎಂದ.

“ಮತ್ತ ಯಲ್ಲೇಶ ಯಾರು?”

ಹುಲುಗೇಶ ನನ್ನನ್ನು ತೋರಿಸಿದ. ನಾನು ಎದ್ದು, “ನಾನ್ರಿ” ಅಂದೆ.

“ಈಗರ ಹಂಪೇಶ ಅಂದ್ಯಲ್ಲೋ!”

ನಾನು ಎದ್ದಷ್ಟೇ ಬೇಗ ಕೂತುಬಿಟ್ಟೆ. ಅಂಜಲಿ ಧೈರ್ಯ ಮಾಡಿದಳು. “ಅಪ್ಪಾ, ಇವ್ರ ಎಕ್ಸ್-ರೇ ನಾನ ತಗದೀನಿ. ಆಸ್ಪತ್ರ್ಯಾಗ ಹುಲುಗೇಶ ಅಂತನ ಬರೆಸ್ಯಾರ.”

“ಟಗರಿಗಂತ ಸುಳ್ಳು ಹೆಸ್ರು ಕೊಟ್ಟೋನು ಆಸ್ಪತ್ರಿಗೆ ಖರೇ ಹೆಸ್ರು ಕೊಡ್ತಾನೇನವ್ವ?”

ಉಚ್ಚಂಗೆಮ್ಮ ತಡೆಯದೆ ಮುಂದೆ ಬಂದಳು. “ಅಣ್ಣಾರ, ನಾ ಹೆತ್ತ ಮಗ ಇಂವ. ಹುಲುಗ ಅಂತ ನಾನ ಹೆಸರಿಟ್ಟೀನಿ.”

ಎರ್ರಿಯಪ್ಪ ಸಿಟ್ಟಿನಲ್ಲಿ ಆಡಬಾರದ್ದು ಆಡಿಬಿಟ್ಟ. “ಅವತ್ತೂ ಒಬ್ಬ ಅಪ್ಪ ಬಂದಿದ್ದ, ಎದಿ ಬಡ್ಕೊಂಡು. ನಿಮ್ಮ ಕಡೆ ಅಪ್ಪ ಅವ್ವ ಬಾಡಿಗಿಗೆ ಸಿಗ್ತಾರ.”

ಉಚ್ಚಂಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಳು, ಕಣ್ಣಿಂದ ನೀರಿಳಿಯುತ್ತಿತ್ತು. ಹುಲುಗೇಶನ ಮುಖ ಬೂದಿಯಾಯಿತು. ನನಗೆ ಬಂದ ಸಿಟ್ಟಿಗೆ ಉಂಡಿಯ ತಟ್ಟೆ ಎತ್ತಿ ಒಗೆಯಬೇಕು ಅನ್ನಿಸಿತು. ಆದರೆ ಮುದುಕಿಯ ಆ ಕಣ್ಣೀರಿಗೆ ನಮ್ಮೂರಿನ ಟಗರೂ ಕಾರಣವಲ್ಲವೇ? ಕೈ ಏಳಲಿಲ್ಲ.

ಎರ್ರಿಯಪ್ಪನೇ ತೀರ್ಪು ಕೊಟ್ಟ. “ಗಂಡಸ್ರ ಮಾತು ಬ್ಯಾಡ. ಆ ಹೆಣ್ಮಗಳು ಬರ್ಲಿ. ಅವತ್ತು ಹೆಸ್ರು ಹೇಳ್ಲಿಲ್ಲಲ್ಲ, ಇವತ್ತು ನನ್ನ ಮುಂದ ಬಾಯಿಬಿಟ್ಟು ಹೇಳ್ಲಿ. ಫೋನಿನಾಗ ಬ್ಯಾಡ, ಎದುರಿಗೆ. ಇಲ್ಲಂದ್ರ ಈ ಸಂಬಂಧ ಇಲ್ಲಿಗೇ ಮುಗೀತು.”

ನಾನು ಫೋನು ಮಾಡಿದೆ. ರೇಣುಕಮ್ಮ ಮೈದುನನ ಬೈಕಿನ ಹಿಂದೆ ಕೂತು ಹೊರಟಳು. ಅವಳು ಬರುವ ತನಕ ಹೊಳೆಮ್ಮ ಉಚ್ಚಂಗೆಮ್ಮನ ಪಕ್ಕ ಬಂದು ಕೂತು, ಕೈ ಹಿಡಿದುಕೊಂಡಿದ್ದಳು. ಸಂಜೆಯ ಬಿಸಿಲು ಹೊಸ್ತಿಲು ದಾಟುವಾಗ ರೇಣುಕಮ್ಮ ಬಂದಳು, ಮುಖದ ತುಂಬ ರಸ್ತೆಯ ಕೆಂಪು ಧೂಳು.

“ಇಕಿನ! ಇಕಿನ!” ಎಂದು ಎರ್ರಿಯಪ್ಪ ಕೂಗಿದ. “ಹೇಳವ್ವ, ನಿನ್ನ ಗಂಡ ಯಾರು, ಅವನ ಹೆಸರೇನು?”

ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ಮುಖ ಪಕ್ಕಕ್ಕೆ ತಿರುಗಿತು. ಹೆಬ್ಬೆರಳು ನೆಲಕ್ಕೆ ತಾಗಿತು. ಮುಗಿಯಿತು ಅಂದುಕೊಂಡೆ. ಹೇಳಿದರೆ ಊರು ಗೆದ್ದ ಕಪ್ ಸುಳ್ಳಾಗುತ್ತದೆ, ಮೇಲೆ ನನ್ನ ಆಯುಷ್ಯ ಬೇರೆ. ಅವಳು ಇದನ್ನೆಲ್ಲ ನಂಬುವವಳು. ನಾನೂ, ನಿಜ ಹೇಳಬೇಕೆಂದರೆ, ಸ್ವಲ್ಪ ನಂಬುವವನೇ.

ಹೊಳೆಮ್ಮ ಮೆಲ್ಲಗೆ, “ಒಡಪು ಹಾಕಿ ಹೇಳವ್ವ. ಮದುವ್ಯಾಗ ಹೇಳಂಗಿಲ್ಲೇನು? ಒಡಪಿನಾಗ ಹೇಳಿದ್ರ ದೋಷ ಇಲ್ಲ” ಎಂದಳು.

ಗಂಡನ ಹೆಸರು ಸೇರಿಸಿ ಪದ ಕಟ್ಟಿ ಹೇಳುವ ಆ ಒಡಪನ್ನು ನಮ್ಮ ಮದುವೆಯಲ್ಲಿ ಎಲ್ಲರೂ ಕಾಡಿಸಿದರೂ ಇವಳು ಹೇಳಿರಲಿಲ್ಲ. ಗೋಡೆಗೆ ಒರಗಿದ್ದ ಉಚ್ಚಂಗೆಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ಸೆರಗನ್ನು ಹಲ್ಲಿನಿಂದ ಬಿಟ್ಟಳು. ಬಂದು ನನ್ನ ಪಕ್ಕ ನಿಂತಳು.

“ಹೈವೇ ಬಾಜೂಕ ಕುಂತು ಟೈರಿಗೆ ತ್ಯಾಪಿ ಹಚ್ಚಿ,
ಚೆಂಡು ಮುಟ್ಟದೆ ಕಪ್ ಗೆದ್ರು, ಊರೆಲ್ಲಾ ಮೆಚ್ಚಿ,
ಯಲ್ಲೇಶ ಇವ್ರ ಹೆಸ್ರು, ಹೇಳ್ತೀನಿ ಮನಸು ಬಿಚ್ಚಿ.”

ಹೈವೇಯಲ್ಲಿ ಲಾರಿಯವರು ಕೂಗುವ ಹೆಸರು, ಬೋರ್ಡಿನ ಮೇಲೆ ಧೂಳು ತಿನ್ನುವ ಹೆಸರು, ಮೈಕಿನಲ್ಲಿ ಇನ್ನೊಬ್ಬನಿಗೆ ಹೋದ ಹೆಸರು. ಅದು ಅವಳ ಬಾಯಲ್ಲಿ ಇಷ್ಟು ಚೆಂದ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಳುವುದು ಕಾಣಬಾರದೆಂದು ಒಂದು ಉಂಡಿ ಬಾಯಿಗೆ ಹಾಕಿಕೊಂಡೆ.

ಎರ್ರಿಯಪ್ಪ ನನ್ನನ್ನೂ ಹುಲುಗೇಶನನ್ನೂ ಒಮ್ಮೆ ನೋಡಿದ. ಆಮೇಲೆ ಕೇಳಿದ, “ಟಗರು ಹೆಂಗಿತ್ತವ್ವ ರುಚಿ?”

“ಖಾರ ಒಂಚೂರು ಜಾಸ್ತಿ ಆಗಿತ್ರಿ.”

ಎರ್ರಿಯಪ್ಪನ ಮೀಸೆ ಅಲುಗಿತು. ಅಂಜಲಿ ಕಿಸಕ್ಕನೆ ನಕ್ಕಳು, ಹೊಳೆಮ್ಮ ನಕ್ಕಳು, ಕಡೆಗೆ ಅವನೂ ನಕ್ಕ. ನಗು ಮುಗಿಸಿ ಉಚ್ಚಂಗೆಮ್ಮನ ಮುಂದೆ ಹೋಗಿ ಕೈಮುಗಿದು, “ತಪ್ಪಾತು ತಂಗಿ, ಹೊಟ್ಟಿಯಾಗ ಹಾಕ್ಕೋ” ಎಂದ. ಅವಳು ತಲೆಯಾಡಿಸಿದಳು. ಆಗಲೇ ಎರ್ರಿಯಪ್ಪನ ಕಣ್ಣಲ್ಲಿ ಬೇರೇನೋ ಮಿಂಚಿತು. ಹುಲುಗೇಶನನ್ನು ಅಡಿಯಿಂದ ಮುಡಿಯ ತನಕ ಅಳೆದ. “ಅಲ್ಲಲೇ, ನೀ ನಮ್ಮ ಅಳಿಯ ಆದ್ರ ನಮ್ಮೂರವ ಆದಂಗಲ್ಲೇನು? ನಿಯಮಕ್ಕೂ ಸರಿ ಹೋತಲ್ಲ!”

“ಮಾವ, ಭುಜ ಹೋಗೇತ್ರಿ. ಹೊಡಿಯಾಕ ಆಗಂಗಿಲ್ಲ.”

“ಹೊಡಿಬ್ಯಾಡ. ಕೆಳಗಿನಿಂದ ಚೆಂಡು ಎತ್ತಿ ಕೊಡು, ಸಾಕು. ಹೊಡಿಯೋ ಹುಡುಗ್ರು ನಮ್ಮತ್ರ ಅದಾರ.”

ಮದುವೆ ಆಯಿತು. ಮದುವೆಯ ಊಟಕ್ಕೆ ನಮ್ಮೂರಿನವರು ಒಂದು ಟಗರು ತಂದು ಎರ್ರಿಯಪ್ಪನ ಬಾಗಿಲಿಗೆ ಕಟ್ಟಿದರು. ಆ ಹಳೆಯ ಟಗರಿಗಿಂತ ಇದು ಬಡಕಲು ಎಂದು ಅವನು ಇವತ್ತಿಗೂ ಅನ್ನುತ್ತಾನೆ. ರೇಣುಕಮ್ಮನಿಗಂತೂ ಬಾಯಿ ಬಿಟ್ಟದ್ದೇ ಬಿಟ್ಟದ್ದು. “ಯಲ್ಲೇಶಪ್ಪ, ಗ್ಯಾಸ್ ಬಂದ್ ಮಾಡು,” “ಯಲ್ಲೇಶಪ್ಪ, ಹಾಲು ತಾ.” ನನ್ನ ಆಯುಷ್ಯ ದಿನಾ ಸವೆಯುತ್ತಿದೆ, ಹೇಳಿದರೆ ಕೇಳುವವರಿಲ್ಲ.

ಆ ವರ್ಷದ ರಾಜ್ಯೋತ್ಸವಕ್ಕೆ ಕಂಪ್ಲಿಯಲ್ಲಿ ಮತ್ತೆ ಟೂರ್ನಮೆಂಟು. ಉಚ್ಚಂಗೆಮ್ಮನನ್ನು ಎರ್ರಿಯಪ್ಪನೇ ಕರೆತಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ. ಮಲಪನಗುಡಿಯ ಬಾಳೆಹಣ್ಣುಗಳ ನಂತರ ಅವಳು ನೋಡುತ್ತಿದ್ದ ಮೊದಲ ಆಟ. ತಂಡದ ಒಬ್ಬೊಬ್ಬರನ್ನೇ ಮೈಕಿನವನು ಕರೆಯುತ್ತಿದ್ದ. “ಕುರೆಕುಪ್ಪದ ಉಚ್ಚಂಗೆಮ್ಮನ ಮಗ, ನಮ್ಮ ಕಂಪ್ಲಿ ಅಳಿಯ, ಹುಲುಗೇಶ್!”

ಹುಲುಗೇಶ ಅಲ್ಲಾಡಲಿಲ್ಲ. ಎಲ್ಲೋ ನೋಡುತ್ತ ನಿಂತಿದ್ದ. ಇಷ್ಟು ವರ್ಷ ಮೈಕಿನಲ್ಲಿ ಕಂಡವರ ಹೆಸರಿಗೆಲ್ಲ ಓಡಿದವನಿಗೆ ತನ್ನ ಹೆಸರಿನ ಗುರುತೇ ಹತ್ತಲಿಲ್ಲ. ನನ್ನ ಪಕ್ಕದಿಂದ ರೇಣುಕಮ್ಮ ಎದ್ದು ನಿಂತು, “ಏ ಹುಲುಗೇಶಾ, ನಿನ್ನ ಕರ್ಯಾಕತ್ತಾರ, ಹೋಗೋ!” ಎಂದು ಕೂಗಿದಳು. ಮೈದಾನವೆಲ್ಲ ನಕ್ಕಿತು. ಅವನು ನಾಚುತ್ತ ಅಂಕಣಕ್ಕೆ ಇಳಿದ, ಚೆಂಡು ತೆಗೆದುಕೊಂಡ, ತಿರುಗಿಸಿ ಮೂಸಿದ.

ಆಟ ಶುರುವಾಗಲಿಲ್ಲ. ಉಚ್ಚಂಗೆಮ್ಮ ಕುರ್ಚಿಯಿಂದ ಎದ್ದು, ಅಂಕಣದ ಅಂಚಿನಲ್ಲೇ ನಡೆದು, ಮೈಕಿನವನ ಮೇಜಿನ ಮುಂದೆ ಹೋಗಿ ನಿಂತಿದ್ದಳು. ರೆಫರಿ ಸೀಟಿ ಬಾಯಿಂದ ತೆಗೆದು ಕಾದ. ಮೈಕು ತೆರೆದೇ ಇತ್ತು, ಅವಳ ಮಾತು ಊರಿಗೆಲ್ಲ ಕೇಳಿತು.

“ಇನ್ನೊಂದ್ ಸಲ ಹೇಳಪಾ. ಸರಿಯಾಗಿ ಕೇಳ್ಸಲಿಲ್ಲ.”

ಅವಳ ಕಿವಿ ಚೆನ್ನಾಗಿಯೇ ಇದೆ. ಮೈಕಿನವನು ಇನ್ನೊಂದು ಸಲ ಹೇಳಿದ.